ಬೆಲ್ಲದ ಗಾಣದಲ್ಲಿ ಇನ್ಸುಲಿನ್

ನನಗೆ ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದಾಗ ಅಪ್ಪನ ಪಂಚೆಯ ಮೇಲೆ ಬೆಲ್ಲದ ಪಾಕ ಒಣಗಿ ಅಂಟಿಕೊಂಡಿತ್ತು. ಕಂಪ್ಲಿ ಪಕ್ಕದ ನಮ್ಮೂರಿನ ಗಾಣದಲ್ಲಿ ಅವನು ಬೆಲ್ಲದ ಹದ ನೋಡುವ ಕೆಲಸ ಮಾಡುತ್ತಿದ್ದ. ನಾನು ಕಾಲೇಜಿನಲ್ಲಿ ಬಿದ್ದೆನೆಂಬ ಸುದ್ದಿ ಬಂದಾಗ, ಕುದಿಯುತ್ತಿದ್ದ ಕೊಪ್ಪರಿಗೆಯನ್ನು ಬೇರೆಯವರ ಕೈಗೆ ಕೊಟ್ಟು ಉಟ್ಟ ಬಟ್ಟೆಯಲ್ಲೇ ಬಂದಿದ್ದ. ಬಳ್ಳಾರಿಯ ಆ ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ ನೊಣಗಳೆಲ್ಲ ರೋಗಿಗಳನ್ನು ಬಿಟ್ಟು ಅವನ ಪಂಚೆಗೇ ಮುತ್ತುತ್ತಿದ್ದವು. ಸಕ್ಕರೆ ಎಂಬ ಮಾತು ಕೇಳಿದೊಡನೆ ಅವನು ನನ್ನ ಮುಖ ನೋಡಲಿಲ್ಲ. ತನ್ನ ಕೈ ನೋಡಿಕೊಂಡ.

ಈ ಕಾಯಿಲೆ ಏನು, ಯಾಕೆ ಬರುತ್ತದೆ ಎಂದು ತಿಳಿಸಲು ನಾನು ಬರೆಯುತ್ತಿಲ್ಲ. ಅದಕ್ಕೆ ಡಾಕ್ಟರಿದ್ದಾರೆ. ನಮ್ಮಂಥ ಮನೆಗೆ ಅದು ಹೇಗೆ ಬಂದು ಕೂತಿತು, ನಾವು ಅದನ್ನು ಹೇಗೆ ಕೂರಿಸಿಕೊಂಡೆವು ಎಂಬುದಷ್ಟೇ ನನಗೆ ಗೊತ್ತಿರುವುದು.

ಆಗ ನಾನು ಹೊಸಪೇಟೆಯಲ್ಲಿ ಎರಡನೇ ಪಿಯುಸಿ ಓದುತ್ತಿದ್ದೆ. ಅದಿರಿನ ಕಾಲ. ಸಂಡೂರಿನ ಗುಡ್ಡಗಳಿಂದ ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದವು. ನಮ್ಮ ಓಣಿಯ ಗಂಡಸರು ಕಬ್ಬು ಕಡಿಯುವುದು ಬಿಟ್ಟು ಲಾರಿ ಹತ್ತಿದ್ದರು. ನನ್ನ ಅಣ್ಣ ಶರಣನೂ ಡ್ರೈವರಾಗಿದ್ದ. ನನ್ನ ಆಸೆ ಬೇರೆ ಇತ್ತು. ಹಿಂದಿನ ವರ್ಷದ ಎನ್‌ಸಿಸಿ ಕ್ಯಾಂಪಿಗೆ ಸೈನ್ಯದ ಒಬ್ಬ ಮಹಿಳಾ ಅಧಿಕಾರಿ ಬಂದಿದ್ದರು. ತಲೆ ನರೆತ ಸುಬೇದಾರರೊಬ್ಬರು ಆಕೆಗೆ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಅದನ್ನು ಕಂಡವಳು ಊರಿಗೆ ಬಂದು ಅಪ್ಪನಿಗೆ ಹೇಳಿದೆ: ಡಿಗ್ರಿ ಮುಗಿಸಬೇಕು, ಆಯ್ಕೆಯಾಗಬೇಕು, ಚೆನ್ನೈಯಲ್ಲಿ ತರಬೇತಿ ಇರುತ್ತದೆ, ಆಮೇಲೆ ನಾನೂ ಹಾಗೇ. ಅಪ್ಪ, "ವಯಸ್ಸಾದವ್ರೂ ಸೆಲ್ಯೂಟ್ ಹೊಡೀತಾರಂದ್ರ ಅದು ಸಣ್ಣ ಕೆಲಸ ಅಲ್ಲ. ಆಗಲೇಬೇಕು," ಅಂದ. ಅಂದಿನಿಂದ ನನ್ನ ಪಂಪಾವತಿ ಎಂಬ ಹೆಸರು ಮನೆಯಲ್ಲಿ ಹೋಯಿತು. ಅಪ್ಪನ ಬಾಯಲ್ಲಿ ನಾನು ಆಫೀಸರ್. "ಆಫೀಸರ್ ಉಂಡ್ಲೇನು?" "ಆಫೀಸರಿನ ಬಸ್ಸು ಬಂತೇನು ನೋಡ್ರಿ." ಗಾಣಕ್ಕೆ ಬಂದವರಿಗೆಲ್ಲ ಇದೇ ಸುದ್ದಿ.

ಹಾಗಾಗಿ ನಾನು ದಿನದಿನಕ್ಕೆ ಸೊರಗುತ್ತಾ ಹೋದಾಗ ನಮ್ಮ ಮನೆಯಲ್ಲಿ ಯಾರೂ ಹೆದರಲಿಲ್ಲ. ಹೆಮ್ಮೆಪಟ್ಟರು. ಬೆಳಗ್ಗೆ ಕಾಲುವೆ ದಂಡೆಯ ಮೇಲೆ ಓಡುತ್ತಿದ್ದೆ. ಮೈ ಕರಗುವುದು ಅದಕ್ಕೇ ಅಂದರು. ಕೊಡಗಟ್ಟಲೆ ನೀರು ಕುಡಿಯುತ್ತಿದ್ದೆ. ಓಡುವವರಿಗೆ ಬಾಯಾರುತ್ತದೆ ಅಂದರು. ಪಕ್ಕದ ಮನೆ ಗಂಗತ್ತೆ ಅಂತೂ ನನ್ನ ಕೆನ್ನೆಯ ಎಲುಬು ಮುಟ್ಟಿ ನೋಡಿ, "ಮಿಲಿಟರಿ ಮೈ ಅಂದ್ರ ಹಿಂಗ ಇರಬೇಕು," ಎಂದು ತನ್ನ ಸೊಸೆಯನ್ನು ಬೈದಳು. ಶಕ್ತಿ ಸಾಲದೇನೋ ಎಂದು ಅಪ್ಪ ದಿನಾ ಗಾಣದಿಂದ ಚೊಂಬಿನ ತುಂಬ ಕಬ್ಬಿನ ಹಾಲು ತರುತ್ತಿದ್ದ. ಗಟಗಟ ಕುಡಿದು ಮತ್ತೆ ಓಡುತ್ತಿದ್ದೆ. ಒಂದು ದಿನ ಪರೇಡಿನಲ್ಲಿ ವಾಂತಿಯಾಯಿತು, ಉಸಿರು ಮೇಲೆ ಮೇಲೆ ಬಂತು, ಮೈದಾನ ಓಲಾಡಿತು. ಅಷ್ಟೇ ನೆನಪು.

ವಾರ್ಡಿನಲ್ಲಿ ಎಚ್ಚರವಾದಾಗ ಸುತ್ತ ಇದ್ದವರೆಲ್ಲ ನನ್ನ ಅಜ್ಜಿಯ ವಯಸ್ಸಿನವರು. ಕಾಲಿಗೆ ಹುಣ್ಣಾದವರು, ಕಣ್ಣು ಮಂಜಾದವರು. ಎದುರು ಹಾಸಿಗೆಯ ಅಜ್ಜಿಗೆ ನನ್ನ ಕಾಯಿಲೆ ತನ್ನದೇ ಎಂದು ಗೊತ್ತಾಗಿ ಬೇಸರವಾಯಿತು. "ನಾ ಎಲ್ಲಾ ತಿಂದು ಮುಗಿಸಿದಿನಿ ಬಿಡವ್ವ. ನಿಂದಿನ್ನೂ ಮದುವಿ ಊಟ ಆಗಿಲ್ಲ, ನಿನಗ್ಯಾಕ ಬಂತು ಇದು," ಎಂದು ತನ್ನ ಮೊಸರನ್ನದ ಅರ್ಧ ನನಗೆ ಇಡಲು ಬಂದಳು. ಆಯಾ ಗದರಿದರೂ ಬಿಡಲಿಲ್ಲ. ಅವ್ವ ನೆಲದ ಮೇಲೆ ಕೂತು ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. ಅದೇ ಆಯಾ ಅವ್ವನಿಗೊಂದು ಚಾಪೆ ತಂದುಕೊಟ್ಟು, ರೌಂಡ್ಸಿಗೆ ಡಾಕ್ಟರು ಬರುವ ಮುಂಚೆ ಎಬ್ಬಿಸುತ್ತೇನೆ, ಮಲಗು ಅಂದಳು. ಆಸ್ಪತ್ರೆಯಲ್ಲಿ ಯಾರಾದರೂ ಹೀಗೆ ಒಂದು ಚಾಪೆ ಕೊಟ್ಟರೆ ಅದನ್ನು ಜನ್ಮಪೂರ್ತಿ ಮರೆಯುವುದಿಲ್ಲ.

ಡಾಕ್ಟರಮ್ಮ ಒಂದು ಮೋಸಂಬಿ ತರಿಸಿ, ಅದಕ್ಕೆ ಸೂಜಿ ಚುಚ್ಚುವುದನ್ನು ನಮಗೆ ಕಲಿಸಿದರು. ಇನ್ನು ಮುಂದೆ ದಿನಕ್ಕೆ ಎರಡು ಸಲ, ಊಟದ ಮುಂಚೆ, ಬದುಕಿರುವವರೆಗೆ. ಅಪ್ಪ ಮೋಸಂಬಿಗೆ ಚುಚ್ಚಿದ. ಆಮೇಲೆ ಯಾರೂ ನೋಡುತ್ತಿಲ್ಲ ಅಂದುಕೊಂಡು ಖಾಲಿ ಸೂಜಿಯನ್ನು ತನ್ನ ತೊಡೆಗೆ ಚುಚ್ಚಿಕೊಂಡ. ಮುಖ ಕಿವುಚಿದ್ದು ನನಗೆ ಕಂಡಿತು. ನನ್ನ ಹತ್ತಿರ ಬಂದು, "ಏನಿಲ್ಲ, ಇರುವಿ ಕಡಿದಂಗ ಐತಿ," ಅಂದ. ಬೆಲ್ಲದ ಗಾಣದಲ್ಲಿ ಕೆಲಸ ಮಾಡುವವನಿಗೆ ಇರುವೆ ಕಡಿತ ಯಾವ ಲೆಕ್ಕ. ಆದರೆ ಇದು ಇರುವೆಯಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಊರಿಗೆ ಬಂದ ಮೇಲೆ ಅಪ್ಪ ಮಾಡಿದ ಮೊದಲ ಕೆಲಸ ಮನೆಯಲ್ಲಿದ್ದ ಬೆಲ್ಲವನ್ನೆಲ್ಲ ಹೊರಗೆ ಹಾಕಿದ್ದು. ಡಬ್ಬಿ ತೊಳೆಸಿದ. ಗಾಣದಿಂದ ಬಂದವನು ಹಿತ್ತಲಲ್ಲೇ ಮೈ ತೊಳೆದು, ಬಟ್ಟೆ ಬದಲಿಸಿ ಒಳಗೆ ಬರುತ್ತಿದ್ದ, ವಾಸನೆಯೂ ನನಗೆ ತಾಗಬಾರದೆಂದು. ಗಾಣಕ್ಕೆ ಯಾರೇ ಬರಲಿ, ದಾರಿಹೋಕನಾದರೂ ಸರಿ, ಬಿಸಿ ಬೆಲ್ಲವನ್ನು ಕಬ್ಬಿನ ಒಣ ಎಲೆಯ, ಅಂದರೆ ರವದಿಯ ಮೇಲೆ ಹಾಕಿಕೊಡುವುದು ನಮ್ಮ ಕಡೆ ಪದ್ಧತಿ. ಕೊಡದೆ ಕಳಿಸಿದರೆ ಗಾಣಕ್ಕೆ ಅವಮಾನ, ತಿನ್ನದೆ ಹೋದರೆ ಬಂದವನಿಗೆ ಸೊಕ್ಕು. ಅಪ್ಪ ಆ ಗಾಣದ ಬಾಗಿಲಲ್ಲಿ ನಿಂತು ಎಲ್ಲರಿಗೂ ಒಂದೇ ಮಾತು ಹೇಳಿಟ್ಟಿದ್ದ: ನನ್ನ ಮಗಳು ಈ ಕಡೆ ಬಂದರೆ ಯಾರೂ ಒಂದು ಚೂರೂ ಕೊಡಬಾರದು. ಮಾಲೀಕರಿಗೂ ಹೇಳಿದ್ದ.

ನಾವು ಸಕ್ಕರೆ ಏರುವುದನ್ನು ಮಾತ್ರ ಕೇಳಿಸಿಕೊಂಡಿದ್ದೆವು. ಇಳಿಯುವುದನ್ನೂ ಡಾಕ್ಟರಮ್ಮ ಹೇಳಿದ್ದರು. ಆದರೆ ಹೆದರಿದ ಕಿವಿಗೆ ಎರಡನೇ ಮಾತು ಬೀಳುವುದಿಲ್ಲ.

ಒಂದು ಭಾನುವಾರ ಇಂಜೆಕ್ಷನ್ ತೆಗೆದುಕೊಂಡು, ಊಟಕ್ಕೆ ಕೂರುವ ಮುಂಚೆ ಗೆಳತಿಯ ಮನೆಗೆ ಪುಸ್ತಕ ತರಲು ಹೋದೆ. ಅಲ್ಲಿ ಮಾತಿಗೆ ಕೂತು ತಡವಾಯಿತು. ವಾಪಸು ಬರುವಾಗ ಕೈ ನಡುಗತೊಡಗಿತು. ಬೆವರು ಅಂಗಿಯನ್ನು ತೋಯಿಸಿತು. ಹೊಸ್ತಿಲ ಹತ್ತಿರ ಕುಸಿದೆ. ಓಣಿಯವರೆಲ್ಲ ಸೇರಿದರು. ಗಂಗತ್ತೆ ನನ್ನ ಹಣೆ ಮುಟ್ಟಿ, ಸಕ್ಕರೆ ಏರಿದೆ ಎಂದು ತೀರ್ಮಾನ ಕೊಟ್ಟಳು. ಅವಳ ಭಾವನಿಗೂ ಹೀಗೇ ಆಗುತ್ತಿತ್ತಂತೆ. ಅವ್ವ ಅನ್ನದ ತಟ್ಟೆಯನ್ನು ದೂರ ಸರಿಸಿದಳು. ಅಪ್ಪ ಹಾಗಲಕಾಯಿ ಅರೆಸಿ ರಸ ಹಿಂಡಿಸಿದ. ಅವನೇ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಕುಡಿಯವ್ವ, ಕಹಿ ಅನಬ್ಯಾಡ, ಇಳಿತೈತಿ," ಎಂದು ಕುಡಿಸಿದ. ಏನನ್ನಾದರೂ ತಿನ್ನಬೇಕೆಂದು ನನ್ನ ಮೈಯೆಲ್ಲ ಕೂಗುತ್ತಿತ್ತು. ಬಾಯಿಂದ ಮಾತು ಬರಲಿಲ್ಲ.

ಅಣ್ಣ ಸಂಡೂರಿನಿಂದ ಆಗಷ್ಟೇ ಖಾಲಿ ಲಾರಿ ತಂದು ನಿಲ್ಲಿಸಿದ್ದ. ಅದರಲ್ಲೇ ಹೊಸಪೇಟೆಗೆ ಸಾಗಿಸಿದರು. ಸಣ್ಣ ನರ್ಸಿಂಗ್ ಹೋಮು. ಅಲ್ಲಿಯ ಡಾಕ್ಟರು ಬೆರಳಿನ ರಕ್ತ ನೋಡಿ, ಸೂಜಿ ಚುಚ್ಚಿ ಗ್ಲೂಕೋಸ್ ಬಿಟ್ಟರು. ಕಣ್ಣು ಬಿಟ್ಟಾಗ ಎಲ್ಲರ ಮೈಮೇಲೆ ಕೆಂಪು ದೂಳು. ಡಾಕ್ಟರು ಅಪ್ಪನನ್ನು ಕೇಳುತ್ತಿದ್ದರು, ಸಿಟ್ಟಿನಿಂದಲ್ಲ, ನಿಜವಾಗಿ ಅರ್ಥವಾಗದೆ.

"ಇವಳಿಗೆ ಸಕ್ಕರೆ ಇಳಿದು ಹೋಗಿತ್ತು. ಬಾಯಿಗೆ ಒಂದು ತುಂಡು ಬೆಲ್ಲ ಹಾಕಿದ್ದರೆ ಸಾಕಿತ್ತು. ಮನೆಯಲ್ಲಿ ಬೆಲ್ಲ ಇರಲಿಲ್ಲವೇನ್ರಿ?"

ಅಪ್ಪ ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡ.

"ಇತ್ರಿ. ಗಾಣದಾಗ ಒಂದು ಲಾರಿ ಲೋಡ್ ಇತ್ರಿ."

ಅಣ್ಣ ಹೊರಗೆ ಹೋಗಿಬಿಟ್ಟ. ಅಪ್ಪ ನನ್ನ ಹಾಸಿಗೆಯ ಕಾಲ ಕಡೆ ಕೂತು, ಪಾದದ ಮೇಲಿನ ದೂಳನ್ನು ಟವೆಲಿನಿಂದ ಒರೆಸುತ್ತಲೇ ಇದ್ದ, ದೂಳು ಹೋದ ಮೇಲೂ.

ಆಮೇಲಿನ ದಿನಗಳಲ್ಲಿ ಗಾಣದಲ್ಲಿ ಒಂದು ಹೊಸ ಕೆಲಸ ಶುರುವಾಯಿತು. ಪ್ರತಿ ಕೊಪ್ಪರಿಗೆ ಇಳಿಸಿದಾಗಲೂ ಕೊನೆಯ ಒಂದಿಷ್ಟು ಪಾಕವನ್ನು ಅಪ್ಪ ಅಚ್ಚಿಗೆ ಹಾಕದೆ ಎತ್ತಿಟ್ಟು, ಗೋಲಿಯಷ್ಟು ಸಣ್ಣ ಉಂಡೆ ಕಟ್ಟುತ್ತಿದ್ದ. ಅವು ನನ್ನ ಚೀಲದಲ್ಲಿ, ಕಿಟಕಿಯ ಮೇಲೆ, ಗಂಗತ್ತೆಯ ಮನೆಯಲ್ಲಿ, ಬಸ್ಸಿನ ಕಂಡಕ್ಟರನ ಕೈಯಲ್ಲಿ, ಬುಕ್ಕಸಾಗರದ ನನ್ನ ಸೋದರತ್ತೆಯ ದೇವರ ಗೂಡಿನಲ್ಲಿ. ಕಂಡಕ್ಟರ್ ತಾನೇ ತಿಂದು ಮುಗಿಸಿ ಮತ್ತೆ ಕೇಳುತ್ತಿದ್ದ. ಅಪ್ಪ ಕೊಡುತ್ತಿದ್ದ. ಇನ್ಸುಲಿನ್ ಬಾಟಲಿಗೆ ಫ್ರಿಜ್ಜಿಲ್ಲದ ನಮ್ಮ ಮನೆಯಲ್ಲಿ ಮಣ್ಣಿನ ಗಡಿಗೆ, ಒದ್ದೆ ಮರಳು. ಅವ್ವ ದೇವರಿಗೆ ನೀರು ಹಾಕುವ ಮುಂಚೆ ಅದಕ್ಕೆ ನೀರು ಚಿಮುಕಿಸುತ್ತಿದ್ದಳು.

ಪರೀಕ್ಷೆ ಹತ್ತಿರ ಬಂತು. ಪರೀಕ್ಷಾ ಕೊಠಡಿಗೆ ತಿನ್ನುವ ವಸ್ತು ತರುವಂತಿಲ್ಲ. ಡಾಕ್ಟರಮ್ಮ ಒಂದು ಪತ್ರ ಬರೆದುಕೊಟ್ಟಿದ್ದರು: ಈ ವಿದ್ಯಾರ್ಥಿನಿಗೆ ಇಂಥ ಕಾಯಿಲೆ ಇದೆ, ನಡುವೆ ತಿನ್ನಲು ಅವಕಾಶ ಕೊಡಬೇಕು. ನಾನು ಅದನ್ನು ಯಾರಿಗೂ ಕೊಡಲಿಲ್ಲ. ಒಮ್ಮೆ ಕೊಟ್ಟರೆ ಸರ್ಕಾರದ ಕಾಗದದಲ್ಲಿ ನನ್ನ ಹೆಸರಿನ ಮುಂದೆ ಕಾಯಿಲೆ ಸೇರುತ್ತದೆ, ಮುಂದೆ ಸೈನ್ಯದವರು ಅದನ್ನು ತೆಗೆದು ನೋಡುತ್ತಾರೆ, ನನ್ನ ದಾರಿ ಮುಚ್ಚುತ್ತದೆ ಎಂದು ನಂಬಿದ್ದೆ. ಬರೆಯದೇ ಇದ್ದರೆ ಕಾಯಿಲೆಯೇ ಇಲ್ಲ. ನಮ್ಮ ಮನೆಯಲ್ಲಿ ಓದಿದವರಿಲ್ಲ. ಕಾಗದದ ಬಗ್ಗೆ ನಮಗಿದ್ದ ಭಯ ಅಂಥದ್ದು.

ಕಾಲೇಜಿನ ಪೂರ್ವಸಿದ್ಧತಾ ಪರೀಕ್ಷೆಯ ಗಣಿತದ ದಿನ ಅಂಕಿಗಳು ನೀರಿನೊಳಗಿದ್ದಂತೆ ಕಂಡವು. ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಬರೆಯುತ್ತಿದ್ದೆನಂತೆ. ಕೊಠಡಿಯಲ್ಲಿ ಶಾರದಾ ಮೇಡಂ ಇದ್ದರು. ರಸಾಯನಶಾಸ್ತ್ರ ಕಲಿಸುವವರು, ಎನ್‌ಸಿಸಿ ನೋಡಿಕೊಳ್ಳುವವರೂ ಅವರೇ. ಹೊರಗೆ ಕರೆದುಕೊಂಡು ಹೋಗಿ, ನನ್ನ ಚೀಲದಿಂದ ಬೆಲ್ಲದ ಉಂಡೆ ತೆಗೆದು ಬಾಯಿಗೆ ಹಾಕಿದರು. ನಡುಕ ನಿಂತ ಮೇಲೆ ಎನ್‌ಸಿಸಿ ಕೋಣೆಯಲ್ಲಿ ಬೂಟುಗಳ ನಡುವೆ ಕೂರಿಸಿ, ಚೀಲದಲ್ಲೇ ಸಿಕ್ಕ ಪತ್ರ ತೋರಿಸಿ, ಇದನ್ನು ಯಾಕೆ ಕೊಡಲಿಲ್ಲ ಎಂದು ಕೇಳಿದರು. ಹೇಳಿದೆ. ಅವರು ಬಾಗಿಲು ಮುಂದೆ ಮಾಡಿ ಬಂದು ನನ್ನ ಎದುರು ಕೂತರು.

"ಪಂಪಾ, ಇದನ್ನ ನಿನಗ ಯಾರರ ಹೇಳಬೇಕು, ನಾನೇ ಹೇಳತೀನಿ. ಪತ್ರ ಕೊಡು, ಬಿಡು, ಸೈನ್ಯಕ್ಕ ನೀ ಹೋಗಾಕ ಆಗಂಗಿಲ್ಲ. ಅಲ್ಲಿ ಮೆಡಿಕಲ್‌ನ್ಯಾಗ ರಕ್ತ ತೆಗೀತಾರ."

ಮುಚ್ಚಿಡಲು ಏನಾದರೂ ದಾರಿ ಇದೆಯೇ ಎಂದು ಕೇಳಿದೆ. ಹಾಗೇ ಕೇಳಿದೆ, ನಾಚಿಕೆ ಬಿಟ್ಟು.

"ಇದ್ರೂ ಬ್ಯಾಡ. ಆಫೀಸರ್ ಅಂದ್ರ ಮುಂದ ನಡಿಯೋದು. ಗುಡ್ಡದ ಮ್ಯಾಲೆ ಎಲ್ಲೋ ಊಟ ಸಿಗದ ಜಾಗದಾಗ ನಿನಗ ಹಿಂಗಾತು ಅಂದ್ರ, ಹಿಂದ ಬರೋರ ಗತಿ ಏನು? ನಿನಗ ಬುದ್ಧಿ ಐತಿ, ಧೈರ್ಯ ಐತಿ. ಮೈ ಮಾತ್ರ ಒಪ್ಪಂಗಿಲ್ಲ. ಅದು ನಿನ್ನ ತಪ್ಪಲ್ಲ."

ನಾನು ಅತ್ತೆ. ಮೇಡಂ ಸಮಾಧಾನ ಮಾಡಲು ಬರಲಿಲ್ಲ. ಮುಂದಿನ ತರಗತಿಗೆ ಹೋಗದೆ ಅಲ್ಲೇ ಕೂತರು. ಅದು ದೊಡ್ಡದು. ಕೊನೆಗೆ ನಾನು ಕೇಳಿದ್ದು ಒಂದೇ: ಅಪ್ಪನಿಗೆ ಹೇಗೆ ಹೇಳಲಿ?

ನಾನು ಹೇಳಲಿಲ್ಲ. ಪಿಯುಸಿ ಪರೀಕ್ಷೆಗೂ ಸಿಇಟಿಗೂ ಪತ್ರ ಕೊಡುವುದೆಂದು ತೀರ್ಮಾನಿಸಿದೆ. ಆದರೆ ಆ ಪತ್ರ ಕೊಡುವುದೆಂದರೆ ನನ್ನ ಮಟ್ಟಿಗೆ ಏನನ್ನು ಬಿಟ್ಟುಕೊಟ್ಟಂತೆ ಎಂದು ಅಪ್ಪನಿಗೆ ಹೇಳಲು ಬಾಯಿ ಬರಲಿಲ್ಲ. ಅವನು ಆಫೀಸರ್ ಅಂದಾಗಲೆಲ್ಲ ಓ ಎನ್ನುತ್ತಿದ್ದೆ.

ಪಿಯುಸಿ ಪರೀಕ್ಷೆ ಬೆಲ್ಲದ ಅಗತ್ಯ ಬೀಳದೆ ಮುಗಿಯಿತು. ಸಿಇಟಿಯ ದಿನ ಅಪ್ಪ ಜೊತೆಗೆ ಬಂದ. ಹೊಸಪೇಟೆಯ ಹೊರಗೆ ಅದಿರಿನ ಲಾರಿಗಳು ದಾರಿ ಕಟ್ಟಿ ನಿಂತಿದ್ದವು. ಬಸ್ಸು ಅಲುಗಲಿಲ್ಲ. ಇಳಿದು ಲಾರಿಗಳ ಸಂದಿಯಲ್ಲಿ ನಡೆದೆವು. ನಡೆದರೆ ಸಕ್ಕರೆ ಇಳಿಯುತ್ತದೆ ಎಂದು ಅಪ್ಪ ಆಗಾಗ ನಿಲ್ಲಿಸಿ, ಬಾಯಿಗೆ ಚಪಾತಿ ತುಂಡು ಇಟ್ಟು, ಮತ್ತೆ ನಡೆಸುತ್ತಿದ್ದ. ಕೇಂದ್ರ ಮುಟ್ಟಿದಾಗ ನಮ್ಮಿಬ್ಬರ ಬಟ್ಟೆಯೂ ಇಟ್ಟಿಗೆ ಬಣ್ಣ.

ಕೇಂದ್ರದ ಮುಖ್ಯಸ್ಥರು ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು. ಕಣ್ಣು ಕಾಣದವರಿಗೆ ಬರೆದುಕೊಡುವವರನ್ನು ಕೊಡುತ್ತೇವೆ, ಕೈ ಆಗದವರಿಗೆ ಹೆಚ್ಚಿನ ಸಮಯ ಕೊಡುತ್ತೇವೆ, ಆದರೆ ಪರೀಕ್ಷೆ ನಡುವೆ ಬೆಲ್ಲ ತಿನ್ನುವವರನ್ನು ನೋಡಿಲ್ಲ ಅಂದರು. ಕೆಟ್ಟವರಲ್ಲ, ನಿಯಮದ ಹೊರಗೆ ಒಂದು ಹೆಜ್ಜೆ ಇಟ್ಟರೆ ತಮ್ಮ ಕೆಲಸಕ್ಕೆ ಏನಾಗುವುದೋ ಎಂಬ ಅಂಜಿಕೆ. ಎಲ್ಲಿಗೋ ಫೋನ್ ಮಾಡಿದರು. ಮತ್ತೆ ಮಾಡಿದರು. ಹುಡುಗರೆಲ್ಲ ಒಳಗೆ ಹೋಗುತ್ತಿದ್ದರು, ನಾನು ಗೇಟಿನ ಪಕ್ಕದ ಅವರ ಮೇಜಿನ ಮುಂದೆ ನಿಂತಿದ್ದೆ. ಕಡೆಗೆ ಒಪ್ಪಿದರು. ಬೆಲ್ಲ ಮೇಲ್ವಿಚಾರಕರ ಮೇಜಿನ ಮೇಲಿರಬೇಕು, ಬೇಕಾದಾಗ ಕೈ ಎತ್ತಿ ಕೇಳಬೇಕು, ತಿನ್ನಲು ಹೋದ ಸಮಯ ಹೋದದ್ದೇ. ಅಷ್ಟಕ್ಕೂ ಅವರಿಗೆ ಸಮಾಧಾನವಾಗಲಿಲ್ಲ. ಒಳಗೆ ಚೀಟಿ ಇದ್ದರೆ? ಒಂದೊಂದು ಉಂಡೆಯನ್ನೂ ಪೇಪರ್‌ವೇಟಿನಿಂದ ಒಡೆಸಿ ನೋಡಿದರು. ಗೇಟಿನ ಸರಳಿನಾಚೆ ನಿಂತಿದ್ದ ಅಪ್ಪನಿಗೆ ಅದು ತಡೆಯಲಿಲ್ಲ.

"ನನ್ನ ಬೆಲ್ಲದಾಗ ಕಲ್ಲು-ಹಳ್ಳು ಸೈತ ಇರಂಗಿಲ್ರೀ. ಚೀಟಿ ಇರ್ತೈತೇನ್ರಿ?"

ಮೇಜಿನ ಹತ್ತಿರ ಕಾವಲಿಗಿದ್ದ ಪೊಲೀಸ್ ಪೇದೆ ನಕ್ಕುಬಿಟ್ಟ. ಒಡೆದ ಒಂದು ಚೂರು ತೆಗೆದು ಬಾಯಿಗೆ ಹಾಕಿಕೊಂಡು, ಸುಳ್ಳಲ್ಲ ಸಾರ್, ಒಳ್ಳೇ ಬೆಲ್ಲ ಅಂದ. ಮುಖ್ಯಸ್ಥರೂ ಸ್ವಲ್ಪ ನಕ್ಕರು.

ಗಣಿತದ ಪತ್ರಿಕೆಯ ನಡುವೆ ಬೆರಳು ನಡುಗಿತು. ಕೈ ಎತ್ತಬೇಕು. ಕೊಠಡಿ ತುಂಬ ನನ್ನ ವಯಸ್ಸಿನವರು. ಎತ್ತಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಇಷ್ಟು ತಿಂಗಳು ನಾನು ಬಚ್ಚಿಟ್ಟುಕೊಂಡಿದ್ದ ಎಲ್ಲವೂ ಆ ಒಂದು ಕೈಯಲ್ಲಿತ್ತು. ಎತ್ತಿದೆ. ಮೇಲ್ವಿಚಾರಕರು ನನ್ನನ್ನು ಮೇಜಿನ ಹತ್ತಿರ ಕರೆಯಲಿಲ್ಲ. ಚೂರುಗಳನ್ನು ಅಂಗೈಯಲ್ಲಿ ಹಾಕಿಕೊಂಡು ತಾವೇ ಬಂದರು, ನಾನು ತಿನ್ನುವಾಗ ಬೇರೆಯವರಿಗೆ ಕಾಣದಂತೆ ಅಡ್ಡ ನಿಂತರು. ಅವರ ಹೆಸರು ನನಗೆ ಇಂದಿಗೂ ಗೊತ್ತಿಲ್ಲ.

ಮುಗಿಸಿ ಹೊರಬಂದಾಗ ಅಪ್ಪ ಬೇವಿನ ಮರದ ಕೆಳಗೆ ಟವೆಲ್ ಹಾಸಿ ಬುತ್ತಿ ಬಿಚ್ಚಿ ಕೂತಿದ್ದ. "ಹೆಂಗಾತು ಆಫೀಸರ್?" ಅಂದ. ನನಗೆ ಇನ್ನು ಆಗಲಿಲ್ಲ.

"ಅಪ್ಪಾ, ಹಂಗ ಕರೀಬ್ಯಾಡ. ನನ್ನ ಮಿಲಿಟರಿಗೆ ತಗಳಂಗಿಲ್ಲ. ಈ ಕಾಯಿಲೆ ಇದ್ದೋರನ್ನ ತಗಳಂಗೇ ಇಲ್ಲ."

ಅವನು ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಲಿಲ್ಲ. ಮುರಿದು, ಪಲ್ಯ ಹಚ್ಚಿ, ನನ್ನ ಕೈಗೆ ಕೊಟ್ಟ.

"ಗೊತ್ತವ್ವ."

ಬಳ್ಳಾರಿಯ ಆಸ್ಪತ್ರೆಯಲ್ಲೇ ಕೇಳಿದ್ದನಂತೆ. ಮರುದಿನ ನಾನು ನಿದ್ದೆಯಲ್ಲಿದ್ದಾಗ ಡಾಕ್ಟರಮ್ಮನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ, ಇವಳು ಮಿಲಿಟರಿ ಆಫೀಸರ್ ಆಗಬೇಕು, ಆಗುತ್ತಾಳೇನು ಎಂದು ಕೇಳಿದ್ದ. ಆಗುವುದಿಲ್ಲ ಎಂದು ಅವರು ಹೇಳಿದ್ದರು. ಅವ್ವನಿಗೂ ಹೇಳದೆ ಇಷ್ಟು ದಿನ ಇಟ್ಟುಕೊಂಡಿದ್ದ.

ಹಾಗಾದರೆ ಯಾಕೆ ದಿನಾ ಆಫೀಸರ್ ಅಂತ ಕರೆಯುತ್ತಿದ್ದೆ ಎಂದು ಕೇಳಿದೆ. ನನಗೆ ಸಿಟ್ಟೂ ಬಂದಿತ್ತು.

"ಒಮ್ಮಿಗಿಲೇ ಕರಿಯೋದು ಬಿಟ್ರ ನಿನಗ ಗೊತ್ತಾಗಿಬಿಡತಿತ್ತಲ್ಲ," ಅಂದ ಅಪ್ಪ.

ಇಬ್ಬರೂ ಅತ್ತೆವು. ಅಳುತ್ತಲೇ ರೊಟ್ಟಿ ತಿಂದೆ, ತಿನ್ನಲೇಬೇಕಲ್ಲ, ಮಧ್ಯಾಹ್ನ ಇನ್ನೊಂದು ಪತ್ರಿಕೆ ಇತ್ತು.

ಸಿವಿಲ್ ಇಂಜಿನಿಯರಿಂಗ್ ಸೀಟು ಸಿಕ್ಕಿತು. ನಮ್ಮ ವಂಶದಲ್ಲಿ ಡಿಗ್ರಿ ಅಂತ ಹೆಸರಿನ ಮುಂದೆ ಬರೆದುಕೊಂಡವಳು ನಾನೇ ಮೊದಲು; ಇದನ್ನು ಹೇಳಲು ನನಗೆ ಸಂಕೋಚವಿಲ್ಲ, ಸೂಜಿ ಚುಚ್ಚಿಕೊಂಡು ಓದಿದ್ದೇನೆ. ಈಗ ಕಾಲುವೆಗಳ ಕೆಲಸ ನೋಡುತ್ತೇನೆ. ಗದ್ದೆ ಬದುವಿನ ಮೇಲೆ ನಿಂತು ಹೊಟ್ಟೆಗೆ ಇಂಜೆಕ್ಷನ್ ತೆಗೆದುಕೊಂಡರೆ ಕೂಲಿಯವರು ಈಗ ಮುಖ ತಿರುಗಿಸುವುದಿಲ್ಲ, ಊಟದ ಹೊತ್ತಾಯಿತು ಎಂದು ತಾವೂ ಕೈ ತೊಳೆಯುತ್ತಾರೆ.

ಇತ್ತೀಚೆಗೆ ವಡ್ಡು ಎಂಬ ಊರಿನಿಂದ ಒಬ್ಬ ಹುಡುಗಿಯನ್ನು ಅವಳ ತಾಯಿ ಕರೆತಂದಿದ್ದಳು. ಅದೇ ಕಾಯಿಲೆ, ಅದೇ ವಯಸ್ಸು, ಕೂದಲು ಎನ್‌ಸಿಸಿಯವರಂತೆ ಎತ್ತಿ ಕಟ್ಟಿದ್ದಳು. ಪರೀಕ್ಷೆಯಲ್ಲಿ ಅನುಮತಿ ಕೇಳುವುದು ಹೇಗೆ ಎಂದು ತಿಳಿಯಲು ಬಂದವರು. ಈಗ ಅದು ಅಷ್ಟು ಕಷ್ಟವಿಲ್ಲ, ಎಲ್ಲ ಹೇಳಿಕೊಟ್ಟೆ. ಎದ್ದು ಹೊರಡುವಾಗ ಹುಡುಗಿ, ತಾಯಿ ಚಪ್ಪಲಿ ಹಾಕಿಕೊಳ್ಳುವುದನ್ನೇ ಕಾದು, ಮಿಲಿಟರಿ ಬಗ್ಗೆ ಕೇಳಿದಳು. ನಾನು ತಡಮಾಡಲಿಲ್ಲ. ಆಗುವುದಿಲ್ಲ ಎಂದು ಅಲ್ಲೇ ಹೇಳಿ, ಒಳಗೆ ಕರೆದು ಕೂರಿಸಿಕೊಂಡೆ. ಅತ್ತಳು. ಅವಳ ತಾಯಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡೇ ಬಾಗಿಲಲ್ಲಿ ನಿಂತಿದ್ದಳು. ನಾನು ಆಫೀಸಿಗೆ ಫೋನ್ ಮಾಡಿ ತಡವಾಗುತ್ತದೆ ಎಂದೆ.

ಮುಖ ಒರೆಸಿಕೊಂಡು ಅವಳು, "ನಿಮಗಿನ್ನೂ ಬ್ಯಾಸರ ಆಗತೈತೇನ್ರಿ ಮೇಡಂ?" ಎಂದು ಕೇಳಿದಳು.

ಆಗುತ್ತದೆ ಅಂದೆ. ಮೊದಲೆಲ್ಲ ಜನವರಿಯಲ್ಲಿ ಟೀವಿಯಲ್ಲಿ ಪರೇಡ್ ಬಂದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಈಗ ಅಪ್ಪನೂ ನಾನೂ ಕೂತು ಪೂರ್ತಿ ನೋಡುತ್ತೇವೆ. ಯಾರ ಹೆಜ್ಜೆ ತಪ್ಪಿತು ಎಂದು ನಾನು ಬೆರಳು ತೋರಿಸುತ್ತೇನೆ. ಅಪ್ಪನಿಗೆ ಆ ತಪ್ಪು ಒಂದೂ ಕಾಣುವುದಿಲ್ಲ, ಆದರೂ ಹೌದು ನೋಡು ಅನ್ನುತ್ತಾನೆ.